ಕೋಳಿಯ ಕಣ್ಣು

"ಇದು ನನ್ನನ್ನೇ ದುರುಗುಟ್ಟಿ ನೋಡ್ತಿದೆ," ಎಂದಳು ಬೋದಿಲ್, ಕಣ್ಣಿಗೊತ್ತಿದ ಕ್ಯಾಮೆರಾ ಕೆಳಗಿಳಿಸದೆ.

"ಯಾವ್ದು? ಕೋಳಿನೋ, ಕ್ಯಾಮೆರಾನೋ?"

"ಎರಡೂ."

ಪಕ್ಕದ ಮನೆಯ ವೆರ್ನರ್ ತನ್ನ ಕೋಳಿಗೂಡಿನ ಬಾಗಿಲಿಗೆ ಒರಗಿ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಕ್ಯಾಮೆರಾದ ಕೈಪಿಡಿ ಓದುತ್ತಿದ್ದ. ಪರದೆಯ ಮೇಲೆ ಓದಿದ್ದು ತನ್ನ ತಲೆಗೆ ಹತ್ತುವುದಿಲ್ಲವೆಂದು ಎಂಟುನೂರು ಪುಟಗಳನ್ನೂ ಮುದ್ರಿಸಿ, ದಾರ ಹಾಕಿ ಕಟ್ಟಿಕೊಂಡು ಬಂದಿದ್ದ. ಕ್ಯಾಮೆರಾಕ್ಕಿಂತ ಆ ಕಟ್ಟೇ ಮೂರು ಪಟ್ಟು ಭಾರವಿತ್ತು.

ಭಾರವಿಲ್ಲದಿರುವುದೇ ಬೋದಿಲ್‌ಗೆ ಸರಿಬರುತ್ತಿರಲಿಲ್ಲ. ಮೂವತ್ತು ವರ್ಷ ಅವಳು ಫ್ಯೂನ್ ದ್ವೀಪದ ಒಂದು ಸಣ್ಣ ಪತ್ರಿಕೆಗೆ ಫೋಟೋ ತೆಗೆದವಳು. ಎರಡೂವರೆ ಕಿಲೋದ ಕ್ಯಾಮೆರಾ ಹೊತ್ತು ಹೊತ್ತು ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿಳಿದಿತ್ತು. ಕಳೆದ ಚಳಿಗಾಲದಲ್ಲಿ ಭುಜ ಕೊಯ್ದು ಹೊಲಿದ ಡಾಕ್ಟರು, ಇನ್ನು ಆ ಕಬ್ಬಿಣದ ಗುಂಡನ್ನು ಮುಟ್ಟಿದರೆ ನನ್ನ ಹತ್ತಿರ ಬರಬೇಡಿ ಎಂದಿದ್ದರು. ಹಾಗಾಗಿ ಅರವತ್ತೆಂಟನೆಯ ವಯಸ್ಸಿನಲ್ಲಿ ಈ ಹೊಸ ಕ್ಯಾಮೆರಾ ಬಂತು. ಒಂದು ರೈ ಬ್ರೆಡ್ಡಿನ ಅರ್ಧದಷ್ಟೂ ತೂಕವಿಲ್ಲ. ಕೈಯಲ್ಲಿದ್ದರೆ ಏನನ್ನೋ ಮನೆಯಲ್ಲೇ ಮರೆತು ಬಂದಂತಾಗುತ್ತಿತ್ತು.

"ಇಲ್ಲಿ ಕೇಳು," ಎಂದ ವೆರ್ನರ್. "ಮನುಷ್ಯ, ನಾಯಿ, ಹಕ್ಕಿ, ರೈಲು, ವಿಮಾನ. ಯಾವ್ದು ಬೇಕು ಅಂತ ಹೇಳಿಟ್ರೆ ಅದರ ಕಣ್ಣನ್ನ ಹುಡುಕ್ಕೊಂಡು ಹೋಗಿ ಹಿಡಿಯುತ್ತಂತೆ."

"ರೈಲಿಗೂ ಕಣ್ಣಿದ್ಯೇನೋ?"

"ಕೊಡು ಇಲ್ಲಿ ಮಾರಾಯ್ತಿ, ಬರೀ ಬಾಯಿ ನಿಂದು." ಅವನು ಎರಡು ಮೂರು ಗುಂಡಿ ಒತ್ತಿ ಹಿಂದಿರುಗಿಸಿದ. "ಹಕ್ಕಿಗೆ ಹಾಕಿದೀನಿ. ಈಗ ನೋಡು."

ನೋಡಿದಳು. ಕೆಂಪು ಕೋಳಿಯ ಕಣ್ಣಿನ ಮೇಲೆ ಒಂದು ಪುಟ್ಟ ಹಳದಿ ಚೌಕ ಬಂದು ಕೂತಿತು. ಕೋಳಿ ಕತ್ತು ಆಡಿಸಿದರೆ ಚೌಕವೂ ಆಡಿತು. ಕೋಳಿ ಓಡಿದರೆ ಹಿಂದೆಯೇ ಓಡಿತು. ಬೋದಿಲ್ ಒತ್ತಿದಳು, ಮತ್ತೆ ಒತ್ತಿದಳು. ಪರದೆಯಲ್ಲಿ ಕೋಳಿಯ ರೆಪ್ಪೆಯ ಒಂದೊಂದು ಸುಕ್ಕೂ ಎಣಿಸುವಂತೆ ಮೂಡಿತ್ತು. ಅವಳಿಗೆ ಹತ್ತು ವರ್ಷದ ಹುಡುಗಿಯ ಹಾಗೆ ಕುಣಿಯಬೇಕೆನಿಸಿತು. ಮರುಗಳಿಗೆಯಲ್ಲೇ ಅನುಮಾನವೂ ಬಂತು.

"ಸದ್ದೇ ಇಲ್ವಲ್ಲೋ ಇದಕ್ಕೆ. ತೆಗೀತೋ ಇಲ್ವೋ ಅಂತ ಗೊತ್ತಾಗೋದು ಹೇಗೆ?"

"ಬೇಕಾದ್ರೆ ಒಳಗೊಂದು ಸುಳ್ಳು ಸದ್ದಿದೆ. ಹಳೇ ಕ್ಯಾಮೆರಾ ಥರಾನೇ 'ಕಟಕ್' ಅನ್ನುತ್ತೆ. ಹಾಕ್ಲಾ?"

"ಬೇಡ," ಎಂದಳು ಬೋದಿಲ್ ಥಟ್ಟನೆ. "ಸುಳ್ಳು ಸದ್ದು ಬೇಡ."

ವೆರ್ನರ್ ಕೈಪಿಡಿಯ ಪುಟ ಮಗುಚಿದ.

ಆ 'ಕಟಕ್' ಸದ್ದನ್ನು ನಂಬಿಯೇ ಅವಳು ಇಪ್ಪತ್ತೈದು ವರ್ಷದ ಹಿಂದೆ ಕೆಟ್ಟಿದ್ದು. ಅಂದು ಅಕ್ಕ ಎಲ್ನಾಳ ಬೆಳ್ಳಿ ಮದುವೆ, ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ದಿನ. ಅಲ್ಲಿನ ಪದ್ಧತಿಯಂತೆ ಊರಿನವರೆಲ್ಲ ಬೆಳಗಿನ ಆರು ಗಂಟೆಗೆ ಬಾಗಿಲಿಗೆ ಸ್ಪ್ರೂಸ್ ಮರದ ಸೊಪ್ಪಿನ ಕಮಾನು ಕಟ್ಟಿ ಹಾಡುತ್ತಾರೆ, ದಂಪತಿ ನಿದ್ದೆಯಿಂದ ಎದ್ದವರಂತೆ ಬಾಗಿಲು ತೆರೆಯುತ್ತಾರೆ. ಆ ಗಳಿಗೆಯ ಫೋಟೋ ತಂಗಿಯದೇ ಕೆಲಸ. ಮೂವತ್ತಾರು ಸಲ 'ಕಟಕ್' ಅಂದಿತು. ಮೂವತ್ತೇಳನೆಯದೂ ಅಂದಿತು. ಮೂವತ್ತೆಂಟಕ್ಕೆ ಅವಳು ಕ್ಯಾಮೆರಾ ಕೆಳಗಿಳಿಸಿದಳು. ಮೂವತ್ತಾರು ಚಿತ್ರದ ರೀಲು ಅಷ್ಟು ದೂರ ಹೋಗುವುದಿಲ್ಲ. ರೀಲಿನ ತುದಿ ಒಳಗಿನ ಚಕ್ರದ ಹಲ್ಲಿಗೆ ಸಿಕ್ಕಿಯೇ ಇರಲಿಲ್ಲ, ಕ್ಯಾಮೆರಾ ಬರೀ ಗಾಳಿಯನ್ನು ಸುತ್ತಿತ್ತು. ಹೊಸದಾಗಿ ಕ್ಯಾಮೆರಾ ಹಿಡಿದವರು ಮಾಡುವ ತಪ್ಪು, ಪತ್ರಿಕೆಯ ಫೋಟೋಗ್ರಾಫರ್ ಮಾಡಿದ್ದಳು.

ಅಕ್ಕನಿಗೆ ಹಾಗೆ ಹೇಳಲು ನಾಲಗೆ ಏಳಲಿಲ್ಲ. "ಡಾರ್ಕ್‌ರೂಮಿನಲ್ಲಿ ಹಾಳಾಯ್ತಂತೆ" ಎಂದಳು. ಪತ್ರಿಕೆಯ ಡಾರ್ಕ್‌ರೂಮು ಎಂದರೆ ವೆರ್ನರ್. ರೀಲು ತೊಳೆದವನಿಗೆ ಅದರ ಮೇಲೆ ಬೆಳಕೇ ಬಿದ್ದಿಲ್ಲವೆಂದು ಒಂದೇ ನೋಟಕ್ಕೆ ಗೊತ್ತಾಗಿರಲೇಬೇಕು. ಆದರೆ ಎಲ್ನಾ ಬಂದು ಎದುರು ನಿಂತು ಬೈದಾಗ ಅವನು, "ಹೌದು, ತಪ್ಪಾಯ್ತು" ಎಂದುಬಿಟ್ಟ. ಯಾಕೆಂದು ಬೋದಿಲ್ ಕೇಳಲಿಲ್ಲ, ಅವನು ಹೇಳಲಿಲ್ಲ. ಕೇಳಬೇಕೆಂದುಕೊಂಡೇ ಇಪ್ಪತ್ತೈದು ವರ್ಷ ಕಳೆದಿತ್ತು.

ಎಲ್ನಾ ಮಾತ್ರ ಮರೆಯಲಿಲ್ಲ. ಅವಳು ತಟ್ಟೆಯಗಲ ಬೇಯಿಸುವ ಕಂದು ಸಕ್ಕರೆಯ ಕೇಕಿಗೆ ಆ ಬೀದಿಯಲ್ಲಿ ಸಾಟಿಯಿಲ್ಲ. ನಡುವಿನ ತುಂಡುಗಳಲ್ಲಿ ಸಕ್ಕರೆ ಬೆಣ್ಣೆ ಗುಳಿಗುಳಿಯಲ್ಲಿ ನಿಂತಿರುತ್ತದೆ; ಅಂಚಿನದು ಬರೀ ಒಣ ಬ್ರೆಡ್ಡು. ಹುಟ್ಟುಹಬ್ಬವಿರಲಿ, ಕ್ರಿಸ್‌ಮಸ್ ಇರಲಿ, ಇಪ್ಪತ್ತೈದು ವರ್ಷವೂ ವೆರ್ನರ್‌ಗೆ ಸಿಕ್ಕಿದ್ದು ಅಂಚಿನ ತುಂಡು.

ನಾಳೆ ಎಲ್ನಾ ಮತ್ತು ಆಸ್ಗರರ ಬಂಗಾರದ ಮದುವೆ. ಐವತ್ತು ವರ್ಷ. ಫೋಟೋ ಈ ಸಲ ಬರಲೇಬೇಕು.

ಅಂದು ಸಂಜೆ ವೆರ್ನರನ ಗ್ಯಾರೇಜಿನಲ್ಲಿ ಬೀದಿಯವರೆಲ್ಲ ಸೇರಿ ಬಿಯರ್ ಕುಡಿಯುತ್ತ ಸೊಪ್ಪು ಕಟ್ಟಿದರು. ಲಾರಿ ಓಡಿಸುವ ಬೆಂಟ್ ಮರದಲ್ಲಿ ಎರಡು ಪಾರಿವಾಳ ಕೆತ್ತಿ, ಬಿಳಿ ಬಣ್ಣ ಬಳಿದು, ಕಪ್ಪು ಕಣ್ಣಿಟ್ಟು ತಂದಿದ್ದ. ಅವುಗಳ ನಡುವೆ ಬಂಗಾರದ ಬಣ್ಣದ 'ಐವತ್ತು'. ಎದುರು ಮನೆಯಲ್ಲಿ ಎಲ್ನಾ ಪದ್ಧತಿಯಂತೆ ಏನೂ ಗೊತ್ತಿಲ್ಲದವಳಾಗಿ ಬೀದಿ ಕಡೆಯ ಪರದೆ ಎಳೆದುಕೊಂಡಿದ್ದಳು. ಹೊತ್ತು ಮುಳುಗುವ ಮೊದಲು ತಂಗಿಗೊಂದು ಫೋನೂ ಮಾಡಿದಳು.

"ನಾಳೆ ಎಷ್ಟು ಜನ ಬರ್ಬಹುದು? ಸುಮ್ನೆ ಕೇಳ್ದೆ ಅಷ್ಟೇ."

"ಎಲ್ಲಿಗೆ ಬರ್ತಾರೆ ಅಕ್ಕ?"

"ಎಲ್ಲಿಗೂ ಇಲ್ಲ. ಮೂವತ್ತು ಬನ್ನು ಸಾಕಾಗುತ್ತಾ?"

"ನಲವತ್ತು ಮಾಡು."

ಬೆಳಗಿನ ಆರಕ್ಕೆ ಜೂನ್ ತಿಂಗಳ ಬಿಸಿಲು ಅಂಗಳ ತುಂಬಿತ್ತು. ಕಮಾನು ಬಾಗಿಲಿಗೆ ಸರಿಯಾಗಿ ಕೂತಿತು. ಬೇಕರಿಯ ಹೆಂಗಸು ತುತ್ತೂರಿ ಊದಿದಳು, ಅರ್ಧ ಸ್ವರ ಮೇಲೆಯೇ ಹೋಯಿತು. ಮೂವತ್ತೆಂಟು ಜನ ಹಾಡಿದರು. ಬೋದಿಲ್ ಮೆಟ್ಟಿಲ ಕೆಳಗೆ ಒಂದು ಮೊಣಕಾಲೂರಿ ಕೂತಳು.

ಬಾಗಿಲು ತೆರೆಯಿತು. ಈಗಷ್ಟೇ ಹಾಸಿಗೆಯಿಂದ ಎದ್ದ ಎಲ್ನಾ ರಾತ್ರಿಯಂಗಿಯ ಮೇಲೆ ಗೌನು ತೊಟ್ಟಿದ್ದಳು. ಕೂದಲು ನಿನ್ನೆ ಸಲೂನಿನಲ್ಲಿ ಸುತ್ತಿಸಿದ್ದು, ಕಿವಿಯಲ್ಲಿ ಮುತ್ತು. ಆಸ್ಗರ್ ನೀರು ಹಚ್ಚಿ ಬೈತಲೆ ತೆಗೆದು, ಕಣ್ಣು ಉಜ್ಜಿಕೊಳ್ಳುತ್ತ ಆಕಳಿಸಿದ. ಆ ಆಕಳಿಕೆಯನ್ನು ಅವನು ವಾರದಿಂದ ಅಭ್ಯಾಸ ಮಾಡಿದ್ದ. ಬೋದಿಲ್ ಒತ್ತುತ್ತಲೇ ಇದ್ದಳು. ಸದ್ದಿಲ್ಲ, ಆದರೆ ಲೆಕ್ಕ ಏರುತ್ತಿತ್ತು. ನೂರು, ನೂರ ನಲವತ್ತು.

ಜಯಕಾರ ಮುಗಿದ ಮೇಲೆ ಪರದೆ ನೋಡಿದಳು. ಮರದ ಪಾರಿವಾಳಗಳು ಎಷ್ಟು ಸ್ಪಷ್ಟವಾಗಿ ಬಂದಿದ್ದವೆಂದರೆ ಬೆಂಟನ ಕುಂಚದ ಒಂದೊಂದು ಗೆರೆಯೂ ಕಾಣುತ್ತಿತ್ತು. ಅವುಗಳ ಕೆಳಗೆ ಅಕ್ಕ ಮತ್ತು ಭಾವ ಗಂಜಿಯ ಹಾಗೆ ಕಲಸಿಹೋಗಿದ್ದರು. ಮುಂದಿನದೂ ಹಾಗೇ. ಅದರ ಮುಂದಿನದೂ. ನಿನ್ನೆ ಹಕ್ಕಿಗೆ ಹಾಕಿದ್ದು ಹಕ್ಕಿಯಲ್ಲೇ ಇತ್ತು.

"ಬಂತೇನೇ?" ಎಂದಳು ಎಲ್ನಾ ಮೆಟ್ಟಿಲ ಮೇಲಿಂದ. ಆಮೇಲೆ ವೆರ್ನರ್ ಕಡೆ ಕಣ್ಣು ಹಾಯಿಸಿ, "ಈ ಸಲ ಅದನ್ನ ಇವನ ಕೈಗೆ ಕೊಡ್ಬೇಡ ಮತ್ತೆ," ಎಂದಳು. ನಾಲ್ಕಾರು ಜನ ನಕ್ಕರು.

ವೆರ್ನರ್ ಬೋದಿಲ್ ಮುಖ ನೋಡಿದ, ಪರದೆಯನ್ನೂ ಬಗ್ಗಿ ನೋಡಿದ. ಎಲ್ಲ ಅರ್ಥವಾಯಿತು. ಟೋಪಿ ತೆಗೆದು, "ಎಲ್ನಾ, ಅದು ನಂದೇ ತಪ್ಪು. ನಿನ್ನೆ ನಾನು ಇದನ್ನ ಹಕ್ಕಿಗೆ..." ಎಂದು ಶುರುಮಾಡಿದ.

"ನೀನು ಬಾಯ್ಮುಚ್ಚು ವೆರ್ನರ್," ಎಂದಳು ಬೋದಿಲ್.

ಅವಳು ಎದ್ದು ನಿಂತಳು.

"ಅಕ್ಕ, ಫೋಟೋ ಬಂದಿಲ್ಲ. ಪಾರಿವಾಳ ಬಂದಿವೆ, ನೀವಿಬ್ರೂ ಬಂದಿಲ್ಲ. ನಾನು ನೋಡ್ಕೋಬೇಕಿತ್ತು, ನೋಡ್ಕೊಳ್ಳಲಿಲ್ಲ. ಆ ಸಲಾನೂ ಅಷ್ಟೇ. ಡಾರ್ಕ್‌ರೂಮಲ್ಲಿ ಏನೂ ಆಗಿರ್ಲಿಲ್ಲ. ನಾನೇ ರೀಲು ಸರಿಯಾಗಿ ಹಾಕಿರ್ಲಿಲ್ಲ. ನಿಂಗೆ ಹೇಳೋಕೆ ನಾಚಿಕೆಯಾಯ್ತು, ಇವನ ತಲೆಗೆ ಕಟ್ಟಿದೆ."

ತುತ್ತೂರಿಯವಳು ತುತ್ತೂರಿಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಎಲ್ನಾ ಗೌನಿನ ಪಟ್ಟಿ ಬಿಗಿದುಕೊಳ್ಳುತ್ತ ತಂಗಿಯನ್ನು ನೋಡಿದಳು, ಆಮೇಲೆ ವೆರ್ನರನನ್ನು.

"ಇಪ್ಪತ್ತೈದು ವರ್ಷ ಅಂಚಿನ ತುಂಡು ತಿಂದ್ಯಲ್ಲೋ. ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

ವೆರ್ನರ್ ಟೋಪಿಯ ಅಂಚು ತಿರುಗಿಸಿದ. "ಅವಳ ಕೆಲಸ ಹೋಗ್ಬಾರ್ದು ಅಂತ ಇತ್ತು. ಆಮೇಲೆ... ಅಂಚೂ ಚೆನ್ನಾಗೇ ಇರ್ತಿತ್ತು. ಗರಿಗರಿಯಾಗಿ."

ಮೊದಲು ನಕ್ಕಿದ್ದು ಆಸ್ಗರ್. ಅವನ ನಗು ಬೀದಿಗೆಲ್ಲ ಹಬ್ಬಿತು. ಎಲ್ನಾ ತುಟಿ ಬಿಗಿಹಿಡಿದು ನೋಡಿದಳು, ಆಗಲಿಲ್ಲ, ಅವಳೂ ನಕ್ಕಳು. ತಂಗಿಯ ಕಡೆ ಬೆರಳು ಮಾಡಿ, "ನಿನ್ನನ್ನ ಆಮೇಲೆ ವಿಚಾರಿಸ್ಕೋತೀನಿ," ಎಂದಳು. ಗಂಡನ ತೋಳು ಹಿಡಿದು ತಿರುಗಿಸಿದಳು. "ನಡೀರಿ ಒಳಗೆ. ನಾವಿನ್ನೂ ಎದ್ದೇ ಇಲ್ಲ."

"ಮತ್ತೆ ಮಲಗ್ಬೇಕಾ?"

"ಒಮ್ಮೆ ನಾಟಕ ಆಡಿದ್ದಾಯ್ತು, ಇನ್ನೊಮ್ಮೆ ಆಡೋಕೇನು? ಈ ಸಲ ಅಷ್ಟು ದೊಡ್ಡದಾಗಿ ಆಕಳಿಸ್ಬೇಡಿ, ಹಲ್ಲು ಸೆಟ್ಟು ಕಾಣುತ್ತೆ."

ಬಾಗಿಲು ಮುಚ್ಚಿತು. ಬೋದಿಲ್ ವೆರ್ನರ್ ಕಡೆ ಕ್ಯಾಮೆರಾ ಚಾಚಿದಳು. ಅವನು ಎರಡೂ ಕೈ ಜೇಬಿಗೆ ತುರುಕಿದ.

"ನೀನೇ ಮಾಡು."

ಅವಳು ಒತ್ತಿದಳು. ಪಟ್ಟಿ ಬಂತು, ಪಟ್ಟಿಯೊಳಗೆ ಇನ್ನೊಂದು ಪಟ್ಟಿ. ತಪ್ಪಿ ಒಮ್ಮೆ ರೈಲಿಗೆ ಹೋದಳು, ಹಿಂದೆ ಬಂದಳು. ಮೂವತ್ತೆಂಟು ಜನ ಉಗುಳು ನುಂಗಿ ಕಾದರು. ಕೊನೆಗೆ ಒಂದು ಪುಟ್ಟ ಮನುಷ್ಯನ ಚಿತ್ರ ಸಿಕ್ಕಿತು. ಪರೀಕ್ಷೆಗೆಂದು ಕ್ಯಾಮೆರಾ ಎತ್ತಿದಳು. ಹಳದಿ ಚೌಕ ಪಾರಿವಾಳಗಳನ್ನು ಬಿಟ್ಟು ನೇರ ವೆರ್ನರನ ಎಡಗಣ್ಣಿಗೆ ಹೋಗಿ ಕೂತಿತು. ಆ ಕಣ್ಣು ಸ್ವಲ್ಪ ಒದ್ದೆಯಾಗಿತ್ತು. ಅವಳು ಕ್ಯಾಮೆರಾವನ್ನು ಬಾಗಿಲ ಕಡೆ ತಿರುಗಿಸಿದಳು.

"ಊದಮ್ಮ," ಎಂದಳು ಬೇಕರಿಯವಳಿಗೆ.

ತುತ್ತೂರಿ ಮತ್ತೆ ಅರ್ಧ ಸ್ವರ ಮೇಲೆ ಹೋಯಿತು. ಹಾಡು ಮೊದಲಿಗಿಂತ ಜೋರಾಗಿತ್ತು, ಪಕ್ಕದ ಬೀದಿಯ ನಾಯಿಯೂ ಸೇರಿಕೊಂಡಿತು. ಬಾಗಿಲು ತೆರೆದಾಗ ಆಸ್ಗರ್ ಆಕಳಿಸುವುದನ್ನು ಮರೆತು ಹೆಂಡತಿಯ ಕಡೆ ನೋಡಿ ನಗುತ್ತಿದ್ದ. ಎಲ್ನಾ ಅವನ ತೋಳಿಗೆ ಹೊಡೆಯುತ್ತಿದ್ದಳು. ಹಳದಿ ಚೌಕ ಅವಳ ಕಣ್ಣಿನಿಂದ ಅವನ ಕಣ್ಣಿಗೆ, ಅವನ ಕಣ್ಣಿನಿಂದ ಅವಳ ಕಣ್ಣಿಗೆ ಓಡಾಡಿತು. ಬೋದಿಲ್ ಪರದೆ ನೋಡಿದಳು. ಬಂದಿತ್ತು. ಅಕ್ಕನ ಕಿವಿಯ ಮುತ್ತಿನಲ್ಲಿ ಅಂಗಳವೇ ಕಾಣುತ್ತಿತ್ತು.

ಒಳಗೆ ಬನ್ನು, ಚೀಸು, ಕಹಿ ಮದ್ಯದ ಪುಟ್ಟ ಗ್ಲಾಸುಗಳು. ಎಲ್ನಾ ತಟ್ಟೆಯ ಕೇಕಿಗೆ ಚಾಕು ಹಾಕಿದಳು. ಮೊದಲ ತುಂಡನ್ನು ಸರಿಯಾಗಿ ನಡುವಿನಿಂದ ಕೊಯ್ದಳು. ಸಕ್ಕರೆ ಬೆಣ್ಣೆ ಅದರ ಬದಿಗಳಿಂದ ಸುರಿಯುತ್ತಿತ್ತು. ಅದರ ಮೇಲೊಂದು ಕಾಗದದ ಬಾವುಟ ಚುಚ್ಚಿ ವೆರ್ನರನ ಮುಂದಿಟ್ಟಳು. ಅವನು ಅದನ್ನು ತಿನ್ನಬೇಕೋ ನೋಡಬೇಕೋ ತಿಳಿಯದವನಂತೆ ಕೂತಿದ್ದ.

"ತಿನ್ನೋ. ಇನ್ನೂ ಇಪ್ಪತ್ನಾಲ್ಕು ವರ್ಷದ್ದು ಬಾಕಿ ಇದೆ."

ಆಮೇಲೆ ಅವಳು ಕೇಕಿನ ಮೂಲೆಗೆ ಹೋಗಿ, ಸಕ್ಕರೆಯ ಸುಳಿವೂ ಇಲ್ಲದ ತೆಳ್ಳನೆಯ ಅಂಚೊಂದನ್ನು ಕತ್ತರಿಸಿ, ತಂಗಿಯ ತಟ್ಟೆಗೆ ದೂಡಿದಳು.

ಬೋದಿಲ್ ಒಂದು ಕೈಯಲ್ಲಿ ತಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ಕ್ಯಾಮೆರಾ ಎತ್ತಿದಳು. ಒಂದೇ ಕೈ ಸಾಕಾಯಿತು. ಮೀಸೆಗೆಲ್ಲ ಸಕ್ಕರೆ ಮೆತ್ತಿಕೊಂಡ ವೆರ್ನರ್, ಅವನಿಗೆ ಕರವಸ್ತ್ರ ಚಾಚುತ್ತಿದ್ದ ಅಕ್ಕ. ಒತ್ತಿದಳು. ಸದ್ದಾಗಲಿಲ್ಲ, ಯಾರೂ ತಿರುಗಿ ನೋಡಲಿಲ್ಲ. ಅವಳು ಕ್ಯಾಮೆರಾ ಕೆಳಗಿಟ್ಟು ತನ್ನ ತುಂಡನ್ನು ಕಚ್ಚಿದಳು. ಅಂಚು ನಿಜಕ್ಕೂ ಗರಿಗರಿಯಾಗಿತ್ತು.