ಬೆನ್ನಿಗೆ ಚೆಲ್ಲಿದ ನೀರು

ಕಟ್ಟಡಗಳ ಬಿಸಿನೀರಿನ ಕೊಳವೆ ತೊಳೆಯುವುದು ನನ್ನ ಕಸುಬು. ನಮ್ಮ ತಬ್ರೀಜ್ ಊರಿಗೆ ಚಳಿ ಕಾಲಿಡುವ ಹೊತ್ತಿಗೆ ಎಲ್ಲರಿಗೂ ಈ ಉಸ್ತಾ ಗಫಾರ್, ಅಂದರೆ ಗಫಾರ್ ಮೇಸ್ತ್ರಿ, ಬೇಕು. ಬೇಸಿಗೆಯಲ್ಲಿ ಎದುರಿಗೆ ಸಿಕ್ಕರೆ ಗುರುತೂ ಹಿಡಿಯುವುದಿಲ್ಲ. ಕೈ ಕೆಸರಾದರೆ ಬಾಯಿ ಮೊಸರಂತೆ. ನನ್ನ ಕೈ ಕೆಸರಾಗಿಯೇ ಅರ್ಧ ಆಯುಷ್ಯ ಹೋಯಿತು, ಮೊಸರು ಇನ್ನೂ ದಾರಿಯಲ್ಲೇ ಇದೆ.

ಆ ಸಲ ಕರೆದದ್ದು ತೈಮೂರನ ಕಟ್ಟಡದವರು. ತೈಮೂರ್ ನನ್ನ ಗೆಳೆಯ, ಅಲ್ಲಿನ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಹೋದ ಚಳಿಗಾಲದಲ್ಲಿ ತೀರಿಕೊಂಡ. ಆಮೇಲೆ ಹೇಳುವವರು ಕೇಳುವವರು ಇಲ್ಲದೆ ಕೊಳವೆಗಳಲ್ಲಿ ಹೂಳು ಕಟ್ಟಿ, ಮೇಲಿನ ಮಹಡಿಗೆ ಬಿಸಿ ಹತ್ತುತ್ತಿರಲಿಲ್ಲ. ಅಲ್ಲಿ ಆಯ್ಸಾನ್ ಎಂಬ ಬಾಣಂತಿ ತಣ್ಣಗಿನ ರೇಡಿಯೇಟರ್ ಪಕ್ಕದಲ್ಲಿ ಕೂಸನ್ನು ಕಂಬಳಿಯಲ್ಲಿ ಸುತ್ತಿಟ್ಟುಕೊಂಡು ಇಡೀ ಕಟ್ಟಡಕ್ಕೆ ಶಾಪ ಹಾಕುತ್ತಿದ್ದಳು. ಅವಳದೇನೂ ತಪ್ಪಿಲ್ಲ.

ನೆಲಮಾಳಿಗೆಯ ಬಾಯ್ಲರ್ ಕೋಣೆಯಲ್ಲಿ ತೈಮೂರನ ಸ್ಪ್ಯಾನರ್ ಇನ್ನೂ ಅದೇ ಮೊಳೆಗೆ ನೇತುಬಿದ್ದಿತ್ತು. ಬೆಳಿಗ್ಗೆ ನೀರು ಕಾದ ಕೂಡಲೇ ಅವನು ಅದರಲ್ಲಿ ಕೊಳವೆಗೆ ಮೂರು ಏಟು ಹಾಕುತ್ತಿದ್ದ. ಒಂದು ಉಸಿರಿನಷ್ಟು ತಡೆದು ಇನ್ನೊಂದು. ಮೂರು ಇಡೀ ಕಟ್ಟಡಕ್ಕೆ, ಬಿಸಿ ಬಂತು ಏಳಿ ಎಂದು, ಕೊನೆಯದು ಹೆಂಡತಿಗೆ. ಎರಡನೇ ಮಹಡಿಯಲ್ಲಿ ಆ ಹೆಂಡತಿ, ಸೋನಾ ಖಾನುಮ್, ಚಮಚದಿಂದ ರೇಡಿಯೇಟರಿಗೆ ಎರಡು ಸಲ ತಟ್ಟುತ್ತಿದ್ದರು. ಚಹಾ ಆಯಿತು, ಬನ್ನಿ ಎಂದರ್ಥ. ನಾವೆಲ್ಲ ಅವನನ್ನು ಎಷ್ಟು ಗೇಲಿ ಮಾಡಿದ್ದೆವೋ!

ನಾನು ಪಂಪು ಜೋಡಿಸುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತದ್ದು ಅದೇ ಸೋನಾ ಖಾನುಮ್.

"ಗಫಾರ್, ಪೂರ್ತಿ ತೊಳೀತೀಯೇನಪ್ಪಾ?"

"ಪೂರ್ತಿ ಅಂದ್ರೆ ಪೂರ್ತಿ, ಖಾನುಮ್. ಹಳೇ ನೀರು ಒಂದು ತೊಟ್ಟೂ ಬಿಡಲ್ಲ."

"ಹಂಗಾದ್ರೆ ಅವರನ್ನೂ ಕಳಿಸಿಬಿಡು."

"ಯಾರನ್ನ?"

"ಅವರು ಇನ್ನೂ ಬಡೀತಾರೆ. ದಿನಾ ಬೆಳಿಗ್ಗೆ."

"ಅದು ಹೂಳು, ಖಾನುಮ್. ಒಳಗೆ ಗಾಳಿ ಸಿಕ್ಕೊಂಡಿದೆ. ಕಾದ ಕೊಳವೆ ಗೊಣಗುತ್ತೆ. ನನ್ನ ಹೆಂಡ್ತಿಯಷ್ಟು ಗೊಣಗಲ್ವಲ್ಲ, ಪುಣ್ಯ."

ಅವರು ನಗಲಿಲ್ಲ. "ಗಾಳಿಗೆ ಲೆಕ್ಕ ಬರುತ್ತೇನೋ? ಮೂರು ಬಡಿದು, ತಡೆದು, ಆಮೇಲೆ ಒಂದು?"

ಪಂಪು ಬಿಟ್ಟು ಎದ್ದು ನಿಂತೆ. ಅವರು ಮೆಟ್ಟಿಲ ಮೇಲೆ ಕೂತರು.

ಪ್ರಯಾಣ ಹೊರಟವರ ಬೆನ್ನಿಗೆ ನಮ್ಮಲ್ಲಿ ಒಂದು ಬೋಗುಣಿ ನೀರು ಚೆಲ್ಲುತ್ತೇವೆ, ಹೋದವರು ಬೇಗ ಮರಳಿ ಬರಲಿ ಎಂದು. ಅದು ಬದುಕಿರುವವರಿಗೆ ಮಾತ್ರ.

"ಅವರನ್ನ ಎತ್ತಿದ ದಿನ ನನ್ನ ಕೈಲಿ ಬೋಗುಣಿ ಇತ್ತು ಗಫಾರ್. ಯಾರಿಗೋ ಕುಡಿಯೋಕೆ ಅಂತ ತಂದಿದ್ದೆ. ಹೆಣ ಗೇಟು ದಾಟ್ತು, ಕೈ ತಾನಾಗೇ ಚೆಲ್ಲಿಬಿಡ್ತು. ಅವರು ಊರಿಗೆ ಹೊರಟಾಗೆಲ್ಲ ಚೆಲ್ಲಿದ ಕೈ ಅಲ್ವಾ? ಯಾರೂ ನೋಡ್ಲಿಲ್ಲ. ಅವರು ಮಾತ್ರ ನೋಡಿಬಿಟ್ರು."

ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

"ನಾನು ಒಂದು ದಿನಾನೂ ಚಮಚ ತಟ್ಟಿಲ್ಲ," ಎಂದರು. "ತಟ್ಟಿದ್ರೆ ಇಲ್ಲೇ ಉಳ್ಕೊಂಡುಬಿಡ್ತಾರೆ. ಬದುಕಿದ್ದಾಗ ಒಂದು ರಜ ಹಾಕಿದ ಜೀವ ಅಲ್ಲ ಅದು. ಸತ್ತ ಮೇಲೂ ದುಡೀಬೇಕಾ? ಆ ನೀರು ತುಂಬಿಸಿದ್ದು ಅವರೇ, ಅದರ ಜೊತೇಲೇ ಹೋಗ್ಲಿ. ಆದ್ರೆ ಅದರ ಬೆನ್ನಿಗೆ ಒಂದು ತೊಟ್ಟು ಒಳ್ಳೇ ನೀರು ಚೆಲ್ಲಬೇಡ. ಆಣೆ ಮಾಡು."

ಮಾಡಿದೆ. ನನಗೇನು ಕಷ್ಟ? ಕೊಳೆ ನೀರನ್ನು ಅಂಗಳದ ಕಾಲುವೆಯಿಂದ ಗೇಟಿನಾಚೆ ಬಿಡುವುದು. ಆಮೇಲೆ ಕೊಳವೆ ಜಾಲಿಸಿದ ನೀರನ್ನು ನೆಲಮಾಳಿಗೆಯ ಗುಂಡಿಗೆ ಬಿಡುವುದು. ಅಷ್ಟೇ.

ಆಸಿಡ್ ಹಾಕಿ ಪಂಪು ಓಡಿಸಿದೆ. ಒಳಗೆ ಹೂಳು ಕರಗುವ ಸದ್ದು ನನಗೆ ಹೊಸದಲ್ಲ, ಅಕ್ಕಿ ಹುರಿದ ಹಾಗೆ ಚಿಟಿಚಿಟಿ. ಆದರೆ ಸೋಡಾ ಹಾಕಿ ಆಸಿಡ್ ಮುರಿಯಲು ಪಂಪು ನಿಲ್ಲಿಸಿದಾಗಲೂ ಕೊಳವೆ ನಡುಗುತ್ತಲೇ ಇತ್ತು. ಕಿವಿಯಿಟ್ಟೆ. ದೂರದಲ್ಲಿ ಯಾರೋ ಏದುಸಿರು ಬಿಡುತ್ತಾ ಮೆಟ್ಟಿಲು ಇಳಿಯುತ್ತಿದ್ದ ಹಾಗಿತ್ತು. ತಕ್ಷಣ ಕಿವಿ ತೆಗೆದೆ. ಹೆದರಿದೆ, ಮುಚ್ಚಿಡುವುದೇನು?

ಅಂಗಳಕ್ಕೆ ಬಂದು ವಾಲ್ವ್ ತಿರುಗಿಸಿದೆ. ವರ್ಷಗಟ್ಟಲೆ ಬಿಸಿಲು ಕಾಣದೆ ಸುತ್ತಿದ್ದ ನೀರು ಮಸಿಯಂತೆ ಹೊರಬಂತು. ಕಾಲುವೆಯ ಅಂಚಿನಲ್ಲಿ ಮಲಗಿದ್ದ ಬೆಕ್ಕು ಎದ್ದು, ಯಾರಿಗೋ ದಾರಿ ಬಿಟ್ಟಂತೆ ಗೋಡೆಗೆ ಒತ್ತಿಕೊಂಡಿತು. ಸೋನಾ ಖಾನುಮ್ ಗೇಟು ತೆರೆದು ಹಿಡಿದುಕೊಂಡಿದ್ದರು. ಇನ್ನೊಂದು ಕೈಯಲ್ಲಿ ಬೋಗುಣಿ, ಬೋರಲಾಗಿ.

"ಹೋಗಿ," ಎಂದರು ನೀರಿಗೆ. ಬನ್ನಿ ಎನ್ನಲಿಲ್ಲ. ಕಣ್ಣೊರೆಸಿಕೊಂಡು ಮೇಲೆ ಹತ್ತಿಹೋದರು. ಅವರ ಬೆನ್ನು ಎಷ್ಟೋ ಹಗುರಾದಂತೆ ಕಂಡಿತು. ನನಗೆ ಮಾತ್ರ ಗೆಳೆಯ ಎರಡನೇ ಸಲ ಸತ್ತ ಹಾಗಾಯಿತು. ಅವನ ಜೊತೆ ಒಂದು ಲೋಟ ಚಹಾ ಕುಡಿಯಬೇಕೆನಿಸಿತು.

ಆಗ ಮೇಲಿನ ಕಿಟಕಿ ಧಡಾರನೆ ತೆರೆಯಿತು.

"ಉಸ್ತಾ! ಏನ್ರೀ ಇದು ನಾತ! ಅಂಗಳ ಎಲ್ಲ ಮಸಿ ಬಳಿದಿಟ್ಟಿದ್ದೀರಲ್ಲ! ಎಳೇ ಕೂಸು ಇರೋ ಮನೆ ಕಣ್ರೀ!" ಆಯ್ಸಾನ್.

"ತೊಳೀತೀನಿ ತಾಯಿ, ಕಿರುಚಬೇಡ, ಕೂಸು ಎದ್ದೀತು!"

ಇಷ್ಟು ವರ್ಷದ ಕಸುಬು. ಕೊಳೆ ಹರಿದಲ್ಲಿ ಒಳ್ಳೇ ನೀರು ಬಿಡುವುದೇ ಈ ಕೈಗಳು ಕಲಿತದ್ದು. ನಲ್ಲಿಯ ಪೈಪು ಕೈಗೆ ಬಂದದ್ದು, ತಿರುಗಿಸಿದ್ದು, ಒಂದೂ ನನಗೆ ಗೊತ್ತಾಗಲಿಲ್ಲ. ತಿಳಿನೀರು ಕಪ್ಪು ನೀರಿನ ಬಾಲ ಹಿಡಿದು ಓಡಿ ಗೇಟು ದಾಟಿತು.

ಎರಡನೇ ಮಹಡಿಯ ಪರದೆ ಸರಿಯಿತು.

"ಗಫಾರ್," ಎಂದರು ಸೋನಾ ಖಾನುಮ್. ಕೂಗಲೂ ಇಲ್ಲ. "ಏನು ಮಾಡಿಬಿಟ್ಟೆ?"

ಪೈಪು ಕೈಜಾರಿ ಬಿತ್ತು. ಥೂ ನನ್ನ ಜನ್ಮಕ್ಕಿಷ್ಟು! ಅವರ ಕೈ ಮಾಡಿದ್ದನ್ನೇ ನನ್ನ ಕೈಯೂ ಮಾಡಿತ್ತು. ಗೇಟಿನಾಚೆ ಹೋದ ನೀರನ್ನು ವಾಪಸು ಕರೆದು ಕ್ಷಮೆ ಕೇಳಲು ಬರುತ್ತದೆಯೇ?

ಕೊಳವೆಗಳನ್ನು ತಿಳಿಯಾಗುವವರೆಗೆ ಜಾಲಿಸಿದೆ. ಹೊಸ ನೀರಿಗೆ ತುಕ್ಕು ಹಿಡಿಯದಂತೆ ಮದ್ದು ಬೆರೆಸಿ ತುಂಬಿಸಿ, ಮನೆಮನೆಗೆ ಹೋಗಿ ರೇಡಿಯೇಟರುಗಳ ಗಾಳಿ ಬಿಟ್ಟೆ. ಸೋನಾ ಖಾನುಮ್ ಬಾಗಿಲು ತೆರೆದು ಒಳಗೆ ಹೋಗಿಬಿಟ್ಟರು. ಆ ಮನೆಯಲ್ಲಿ ಚಹಾ ಕುಡಿಯದೆ ಎದ್ದುಬಂದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಬಾಯ್ಲರ್ ಹೊತ್ತಿಸಿ ಕೊಳವೆಯ ಮೇಲೆ ಅಂಗೈ ಇಟ್ಟೆ. ಹೂಳಿಲ್ಲ, ಗಾಳಿಯಿಲ್ಲ. ನಾನು ತೊಳೆದ ಕೊಳವೆ ಉಸಿರೂ ಎತ್ತುವುದಿಲ್ಲ.

"ತೈಮೂರ್, ಬೇಡ ಕಣೋ," ಎಂದೆ. "ನಿನ್ನ ದಮ್ಮಯ್ಯ. ಹೋಗಿ ಮಲ್ಕೋ."

ಕೊಳವೆ ಬೆಚ್ಚಗಾಯಿತು. ಅಂಗೈಯ ಕೆಳಗೆ ಮೂರು ಏಟು ಬಿತ್ತು.

ಹಿಂದಕ್ಕೆ ಹಾರಿ ಗೋಡೆಗೆ ಒರಗಿದೆ. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಇನ್ನೊಂದು. ಮೊಳೆಗೆ ನೇತುಬಿದ್ದ ಸ್ಪ್ಯಾನರ್ ಅತ್ತಿತ್ತ ತೂಗುತ್ತಿತ್ತು.

"ಬಿಸಿ ಬಂತು! ಉಸ್ತಾ, ಬಿಸಿ ಬಂತು!" ಎಂದು ಆಯ್ಸಾನ್ ಮೇಲಿನಿಂದ ಸಂತೋಷದಲ್ಲಿ ಕೂಗಿದಳು.

ಎರಡನೇ ಮಹಡಿಯಲ್ಲಿ ಸದ್ದಿಲ್ಲ. ಚಾವಣಿ ನೋಡುತ್ತಾ ನಿಂತೆ. ತಟ್ಟಬೇಡಿ ಖಾನುಮ್, ಇಷ್ಟು ದಿನ ತಡೆದಿದ್ದೀರಿ, ಇವತ್ತೂ ತಡೆಯಿರಿ.

ಬಹಳ ಹೊತ್ತಾದ ಮೇಲೆ ಕೊಳವೆಯೊಳಗಿಂದ ಚಮಚದ ಸದ್ದು ಇಳಿದುಬಂತು. ಎರಡು ಸಲ, ಮೆಲ್ಲಗೆ.

ಸ್ಪ್ಯಾನರ್ ತೂಗುವುದನ್ನು ನಿಲ್ಲಿಸಿತು. ಬಾಗಿಲು ತಾನಾಗಿ ತೆರೆದುಕೊಂಡಿತು. ಬೆಳಗಿನ ಕೆಲಸ ಮುಗಿಸಿದವನ ಹೆಜ್ಜೆಗಳು, ಅವಸರವಿಲ್ಲದೆ, ಮೆಟ್ಟಿಲು ಹತ್ತಿ ಎರಡನೇ ಮಹಡಿಗೆ ಹೋದವು.