ಮೂಗಿನ ಮೇಲೆ ನರುಲಿಯ ಜೋಡು

"ಆ ಮನೆ ಬೇಡ ಕಂದ, ಅಲ್ಲಿ ಯಾರೂ ಇಲ್ಲ," ಎಂದು ಇಷ್ಬೆಲ್ ಮೊಮ್ಮಗನ ಕೈ ಎಳೆದಳು.

"ಲೈಟಿದೆ!" ಎಂದ ಮುಂಗೋ. ಹ್ಯಾಲೊವೀನ್ ರಾತ್ರಿ ವೇಷ ಹಾಕಿ ಮನೆಮನೆ ತಟ್ಟಲು ಹೊರಟ ಮೂರು ವರ್ಷದ ಬಾವಲಿ ಅವನು. ಹಳೆಯ ಕೊಡೆ ಕತ್ತರಿಸಿ ಮಾಡಿದ ರೆಕ್ಕೆಯೊಂದು ಆಗಲೇ ಜೋತುಬಿದ್ದಿತ್ತು. "ಅದು ಮಾಟದಜ್ಜಿ ಮನೆ. ನಂಗೆ ಅಲ್ಲಿಗೇ ಹೋಗ್ಬೇಕು."

"ಷ್! ಮೆಲ್ಲಗೆ. ಅವಳು ನೆಟ್ಟಜ್ಜಿ ಕಣೋ."

ಆದದ್ದಿಷ್ಟು. ಪುಟಾಣಿಗಳ ಹ್ಯಾಲೊವೀನ್ ಪದ್ಯಗಳ ಪುಸ್ತಕವೊಂದಕ್ಕೆ ಇಷ್ಬೆಲ್ ಚಿತ್ರ ಬರೆದಿದ್ದಳು. ದೆವ್ವ, ಬೆಕ್ಕು, ಗೂಬೆ ಎಲ್ಲ ಮುದ್ದಾಗಿಯೇ ಬಂದವು. ಮಾಟಗಾತಿಗೆ ಮಾತ್ರ ಅದೆಲ್ಲಿಂದಲೋ ಉದ್ದನೆಯ ಮೂಗು, ಅದರ ಮೇಲೆರಡು ನರುಲಿ ಬಂದು ಕೂತವು. ಭಲೇ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು. ಅಡುಗೆಮನೆ ಕಿಟಕಿಯ ಪಕ್ಕ ಕೂತು ವರ್ಷಾನುಗಟ್ಟಲೆ ಚಿತ್ರ ಬರೆದವಳ ಕಣ್ಣೆದುರು ದಿನಾ ಬಟ್ಟೆ ಒಣಹಾಕುತ್ತಿದ್ದವಳು ಪಕ್ಕದ ಮನೆಯ ನೆಟ್ಟಾ. ಅದು ಕೈಗೆ ಗೊತ್ತಿತ್ತು, ಇಷ್ಬೆಲ್‌ಗೆ ಗೊತ್ತಿರಲಿಲ್ಲ! ಪುಸ್ತಕ ಅಚ್ಚಾಗಿ ಬಂದ ದಿನ ಮುಂಗೋ ಆ ಪುಟ ತೆರೆದು, ಕಿಟಕಿಯಾಚೆ ಬೆರಳು ತೋರಿಸಿ, "ಅಜ್ಜೀ, ಅಗೋ ಅಲ್ಲಿ!" ಎಂದು ಕೂಗಿದಾಗಲೇ ಅವಳು ಚಿತ್ರದ ಮೂಗನ್ನೂ ನೆಟ್ಟಾಳ ಮೂಗನ್ನೂ ಸೇರಿಸಿ ನೋಡಿದ್ದು.

ಫೈಫ್ ತೀರದ ಆ ಬಂದರೂರು ಅಂಗೈಯಗಲದ್ದು. ಶಿಶುವಿಹಾರದ ಮಕ್ಕಳಿಗೆಲ್ಲ ಪದ್ಯ ಬಾಯಿಪಾಠವಾಯಿತು, ದೊಡ್ಡವರು ಮುಸಿಮುಸಿ ನಕ್ಕರು. ನೆಟ್ಟಾ ಬಟ್ಟೆ ಒಣಹಾಕುವಾಗ ಈ ಕಡೆ ಬೆನ್ನು ಮಾಡಿ ನಿಲ್ಲತೊಡಗಿದಳು. ಇಷ್ಬೆಲ್‌ಳ ಗಂಡ ಬಿಟ್ಟುಹೋದ ಚಳಿಗಾಲವೆಲ್ಲ ದಿನಾ ಬಿಸಿ ಸೂಪು ತಂದು ಕುಡಿಸಿದವಳು ಅವಳು. ಅಂಥವಳಿಗೆ ನರುಲಿ ಬರೆದೆನಲ್ಲ, ಇನ್ನು ಯಾವ ಮುಖ ಹೊತ್ತು ಕ್ಷಮೆ ಕೇಳಲಿ ಎಂದು ಇಷ್ಬೆಲ್ ಒಬ್ಬಳೇ ಕೂತು ಅತ್ತಿದ್ದಳು. ಇದ್ದ ಒಬ್ಬ ಗೆಳತಿಯನ್ನೂ ಕಳೆದುಕೊಂಡಂತಾಗಿತ್ತು.

ಮುಂಗೋ ಕೈ ಕೊಸರಿಕೊಂಡು ಮೆಟ್ಟಿಲು ಹತ್ತಿಯೇಬಿಟ್ಟ. ಬಾಗಿಲು ತೆರೆಯಿತು.

"ಯಾರಪ್ಪಾ ಇದು? ಬಾವಲಿನೋ, ಮುರಿದ ಕೊಡೆನೋ?" ಎಂದಳು ನೆಟ್ಟಾ.

"ಬಾವಲಿ!"

"ಹಂಗಾದ್ರೆ ಎಲ್ಲಿ ನಿನ್ನ ಪದ್ಯ? ಪದ್ಯ ಇಲ್ದೆ ಕಡಲೆಕಾಯಿ ಇಲ್ಲಪ್ಪ, ಗೊತ್ತಲ್ಲ?"

"ಗೂಬೆಮರೀದು ಹೇಳು," ಎಂದು ಇಷ್ಬೆಲ್ ಹಿಂದಿನಿಂದ ಪಿಸುಗುಟ್ಟಿದಳು. ಯಾರು ಕೇಳುತ್ತಾರೆ! ಮುಂಗೋ ಹೊಟ್ಟೆ ಮುಂದೆ ಮಾಡಿ ನಿಂತು ಬೀದಿಗೆಲ್ಲ ಕೇಳುವಂತೆ ತೊದಲುತ್ತಲೇ ಶುರುಮಾಡಿದ:

"ಮಾಟದ ಅಜ್ಜಿ ಬಂದಳು ನೋಡು,
ಮೂಗಿನ ಮೇಲೆ ನರುಲಿಯ ಜೋಡು!
ಪೊರಕೆಯ ಹತ್ತಿ ಹಾರುವಳು,
ಕಪ್ಪೆಯ ಥೂಪು ಹೀರುವಳು!"

ನೆಟ್ಟಾ ನಗಲಿಲ್ಲ. ಒಂದು ಹಿಡಿ ಕಡಲೆಕಾಯಿ ಅವನ ಚೀಲಕ್ಕೆ ಸುರಿದು, "ಇನ್ನು ನೀನು," ಎಂದು ಇಷ್ಬೆಲ್ ಕಡೆ ತಿರುಗಿದಳು.

"ನಾನಾ?"

"ಬಾಗಿಲಿಗೆ ಬಂದೋರೆಲ್ಲ ಹೇಳ್ಬೇಕು. ಹೂಂ, ಹೇಳೇ. ಅದನ್ನೇ ಹೇಳು."

ಅರವತ್ತು ದಾಟಿದ ಇಷ್ಬೆಲ್ ಕೈಕಟ್ಟಿ ನಿಂತು ಹೇಳಿದಳು. ನರುಲಿಯ ಸಾಲನ್ನು ಮಾತ್ರ ನೆಲ ನೋಡುತ್ತ ಗೊಣಗಿದಳು.

"ಜೋರಾಗಿ!" ಎಂದಳು ನೆಟ್ಟಾ.

ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಇಷ್ಬೆಲ್‌ಳ ಕಣ್ಣು ತುಂಬಿತ್ತು. "ಬೇಕಂತ ಮಾಡಿದ್ದಲ್ಲ ನೆಟ್ಟಾ, ದೇವರಾಣೆ."

"ಮೊದಲನೇ ದಿನ ಅತ್ತೆ ಕಣೇ, ಸುಳ್ಳು ಯಾಕೆ ಹೇಳ್ಲಿ? ಕನ್ನಡಿ ಮುಂದೆ ನಿಂತು ನೋಡ್ಕೊಂಡೆ. ಥೇಟ್ ಹಂಗೇ ಇದೀನಿ! ಆಮೇಲೆ ಇನ್ನೂ ಸಿಟ್ಟು ಬಂತು." ನೆಟ್ಟಾ ಮೂಗು ಒರೆಸಿಕೊಂಡಳು. "ಆದ್ರೆ ನಮ್ಮ ಯಜಮಾನ ಆರ್ಚಿ ಸತ್ತಮೇಲೆ ಹ್ಯಾಲೊವೀನಿಗೆ ಒಂದು ನರಪಿಳ್ಳೆನೂ ಈ ಮೆಟ್ಟಿಲು ಹತ್ತಿರಲಿಲ್ಲ. ಕಡಲೆಕಾಯಿ ತಂದಿಟ್ಟು ನಾನೇ ತಿಂತಿದ್ದೆ. ಇವತ್ತು ನೋಡು, ಎಲ್ಲಾ ಮೊದಲು ಇಲ್ಲಿಗೇ ಓಡಿ ಬರ್ತಿದಾವೆ. ಮಾಟದಜ್ಜಿನೇ ಬೇಕಂತೆ! ಹಂಗೆ ಗೊಂಬೆ ಥರ ನಿಂತ್ಕೋಬೇಡ, ಒಳಗೆ ಬಾ. ಪೊಟ್ಟಣ ಕಟ್ಟೋಕೆ ಒಬ್ಬಳ ಕೈಲಿ ಆಗ್ತಿಲ್ಲ."

ಇಷ್ಬೆಲ್ ಅಳುತ್ತಲೇ ನಕ್ಕು ಮುಂಗೋನ ಕೈಹಿಡಿದು ಒಳಗೆ ಬಂದಳು. ನೆಟ್ಟಾ ಬಾಗಿಲು ಹಾಕಿದಳಷ್ಟೆ, ಹೊರಗೆ ಪುಟ್ಟ ಕಾಲುಗಳ ದಡಬಡ, "ನೀನು ತಟ್ಟು," "ಇಲ್ಲಪ್ಪ, ನೀನೇ ತಟ್ಟು" ಎಂಬ ಗುಸುಗುಸು. ನೆಟ್ಟಾ ತುಟಿಯ ಮೇಲೆ ಬೆರಳಿಟ್ಟು ಮುಂಗೋಗೆ ಸುಮ್ಮನಿರೆಂದು ಸನ್ನೆ ಮಾಡಿದಳು. ಆಮೇಲೆ ಬಾಯಿಂದ ಹಲ್ಲಿನ ಸೆಟ್ಟು ತೆಗೆದು ಏಪ್ರನ್ ಜೇಬಿಗೆ ಹಾಕಿಕೊಂಡು, ಮೆಲ್ಲಗೆ ಬಾಗಿಲು ತೆರೆದಳು.