ಕೋಣೆ ತುಂಬ ರಂಪಣಿ

ನನ್ನ ಬಾಯಿ ದೊಡ್ಡದು ಎಂದು ಕೇರಿಗೆಲ್ಲ ಗೊತ್ತು. ಹೊನ್ನಾವರ ಪೇಟೆಯಲ್ಲಿ ಬುಟ್ಟಿ ಇಳಿಸಿ ಕೂತವಳು ಮೆಲ್ಲಗೆ ಮಾತಾಡಿದರೆ ಬಂಗಡೆ ಬುಟ್ಟಿಯಲ್ಲೇ ಹಳಸಿಹೋಗುತ್ತದೆ. ಇಂಥ ಬಾಯನ್ನೂ ಮುಚ್ಚಿಸಿದವಳು ಒಬ್ಬಳೇ, ಹಿರೇಗುತ್ತಿಯ ನನ್ನ ಬೀಗಿತ್ತಿ ತಿಮ್ಮಕ್ಕ.

ಅದು ಎಂಬತ್ತೆರಡನೇ ಇಸವಿಯ ಮಳೆಗಾಲ. ನನ್ನ ಮಗಳು ಕಮಲಿ ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ, ಬಯಕೆ ಊಟ ಮುಗಿಸಿ ಕರೆದುಕೊಂಡು ಬರುತ್ತೇವೆ ಎಂದು ಹೇಳಿಯಾಗಿತ್ತು. ಅದಕ್ಕೂ ಮೊದಲೇ ಒಂದು ದಿನ ತಿಮ್ಮಕ್ಕ ಸೊಸೆಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಚಾ ಕುಡಿದಳು, ಎಲೆಯಡಿಕೆ ಹಾಕಿದಳು, ಎದ್ದುಹೋಗಿ ನಮ್ಮ ಮನೆಗಿರುವ ಒಂದೇ ಒಂದು ಒಳಕೋಣೆಯ ಬಾಗಿಲು ತಳ್ಳಿದಳು. ಬಾಗಿಲು ಅರ್ಧಕ್ಕೆ ಹೋಗಿ ನಿಂತಿತು. ಅದರಾಚೆ ಮಾಡಿನವರೆಗೂ ಗೋಣಿಚೀಲಗಳು.

"ಹುಡ್ಗಿ ಎಲ್ಲಿ ಮಲಗೂದು ಈರಮ್ಮಕ್ಕ? ಈ ಚೀಲದ ಮೇಲಾ?" ಎಂದಳು. ಆಮೇಲೆ ದನಿ ತಗ್ಗಿಸಿ, "ಜಾಗ ಇಲ್ದಿದ್ರೆ ಹೇಳಿ, ನಾವೇ ಬಾಣಂತನ ಮಾಡ್ತೇವೆ. ನಮಗೆ ಬೇಜಾರೆಂತ ಇಲ್ಲ" ಎಂದಳು.

ಬೈದಿದ್ದರೆ ಎರಡರಷ್ಟು ತಿರುಗಿ ಬೈಯುತ್ತಿದ್ದೆ. ಪಾಪ, ಒಳ್ಳೆಯ ಮಾತಿನಲ್ಲೇ ಹೇಳಿದಳು. ಅದೇ ಉರಿಯಿತು. ಹೊರಡುವ ಮೊದಲು ಕಮಲಿ ನನ್ನನ್ನು ಬಾವಿಕಟ್ಟೆಯ ಕಡೆ ಎಳೆದುಕೊಂಡು ಹೋಗಿ ಕೈ ಹಿಡಿದುಕೊಂಡಳು.

"ಅವ್ವ, ಅಲ್ಲಿ ನಂಗೆ ಆಗೂದಿಲ್ಲ. ನೋವು ಬಂದ್ರೆ ಕೂಗೂಕೂ ನಾಚ್ಕೆ ಆತದೆ ಅಲ್ಲಿ. ನಾ ಇಲ್ಲೇ ಬತ್ತೆ."

"ಬಾ ಮಗಾ. ನೀ ಇಲ್ಲೇ ಬಂದು ಊರು ಹಾರಿಹೋಗೂ ಹಂಗೆ ಕೂಗು," ಎಂದೆ. ಅಂದೇನೋ ಅಂದೆ. ಕೋಣೆ ಖಾಲಿಯಾಗಬೇಕಲ್ಲ!

ಮರುದಿನವೇ ಸೀರೆ ಎತ್ತಿಕಟ್ಟಿದೆ. ಮುರಿದ ಹುಟ್ಟು ಒಲೆಗೆ ಹೋಯಿತು. ಬಟ್ಟೆಯಿಲ್ಲದ ಕೊಡೆಗಳು, ಮಾತಾಡದ ರೇಡಿಯೋ, ತಳ ಹೋದ ಹಂಡೆ, ಯಾವ ಬೀಗಕ್ಕೂ ಸೇರದ ಒಂದು ಗೊಂಚಲು ಕೀಲಿಕೈ, ಸತ್ತುಹೋದ ನಾಯಿಯ ಕೊರಳಪಟ್ಟಿ, ಎಲ್ಲವನ್ನೂ ಅಂಗಳಕ್ಕೆ ಎಸೆದೆ. ಗುಜರಿಯವನು ಕರೆದ ಕೂಡಲೇ ಬಂದ. ನನ್ನ ಗಂಡ ದೇವಪ್ಪ ಜಗಲಿಯಲ್ಲಿ ಬೀಡಿ ಎಳೆಯುತ್ತ ಎಲ್ಲ ನೋಡಿದರು. ತಮ್ಮ ಮದುವೆಯ ಟ್ರಂಕು ಹೋಗುವಾಗಲೂ ಉಸಿರೆತ್ತಲಿಲ್ಲ. ನಾನು ಗೋಣಿಚೀಲದ ಕಡೆ ತಿರುಗಿದ್ದೇ ತಡ, ಬೀಡಿ ಬಿಸಾಕಿ ಓಡಿಬಂದರು.

"ಅದು ಬಲೆ. ಅದನ್ನ ಮುಟ್ಟಬೇಡ!"

ಆ ಬಲೆಯ ಕತೆ ಹೇಳಬೇಕು. ರಂಪಣಿ ಎಂದರೆ ಒಬ್ಬರ ಬಲೆಯಲ್ಲ. ಕೇರಿಯ ಪ್ರತಿ ಮನೆಯವರೂ ತಂತಮ್ಮ ತುಂಡು ತಂದು ಒಂದರ ಪಕ್ಕ ಒಂದು ಹೊಲಿದರೆ ಅದು ಒಂದು ರಂಪಣಿ. ದೊಡ್ಡ ದೋಣಿಯಲ್ಲಿ ಒಯ್ದು ಕಡಲಲ್ಲಿ ಸುತ್ತುಬಿಟ್ಟು, ದಂಡೆಯ ಮೇಲೆ ಎರಡು ಸಾಲಾಗಿ ನಿಂತು ಕೇರಿಗೆ ಕೇರಿಯೇ ಎಳೆಯುವುದು. ಬಲೆಯ ತುಂಡು ಯಾರದೋ ಅವರಿಗೆ ಮೀನಿನಲ್ಲಿ ಪಾಲು. ಯಂತ್ರದ ಬೋಟುಗಳು ಬಂದು ಮೀನನ್ನು ಆಚೆಯೇ ಬಾಚಿಕೊಳ್ಳತೊಡಗಿದ ಮೇಲೆ ದಂಡೆಯ ಹತ್ತಿರ ಬರುವ ಮೀನು ಕಡಿಮೆಯಾಯಿತು, ರಂಪಣಿ ನಿಂತಿತು. ಗಂಡಸರೆಲ್ಲ ಅದೇ ಬೋಟುಗಳಲ್ಲಿ ಕೆಲಸಕ್ಕೆ ಸೇರಿದರು. ಬಲೆಯ ತುಂಡುಗಳು ಮಾತ್ರ ಮನೆಮನೆಯ ಒಳಕೋಣೆಯಲ್ಲಿ ಉಳಿದವು. ಹೆಂಗಸರು ಬಲೆಯನ್ನು ಮುಟ್ಟುವ ಹಾಗಿಲ್ಲ, ದಾಟುವ ಹಾಗಿಲ್ಲ. ನಾವು ಎಷ್ಟೋ ವರ್ಷದಿಂದ ಅದರ ಸುತ್ತ ಬಳಸಿಕೊಂಡೇ ಓಡಾಡುತ್ತಿದ್ದೆವು.

"ಇನ್ನು ಯಾವ ಕಾಲಕ್ಕೆ ಎಳಿತ್ರಿ ಈ ರಂಪಣಿನ? ಮಗಳಿಗೆ ಮಲಗೂಕೆ ಜಾಗ ಇಲ್ಲ ಇಲ್ಲಿ!" ಎಂದು ಕೂಗಿದೆ.

"ನಂಗೆ ಗೊತ್ತಿಲ್ವ? ಆದ್ರೆ ನಾ ಮೊದ್ಲು ತೆಗೆದ್ರೆ, ರಂಪಣಿ ಮುರ್ದವ ದೇವಪ್ಪ ಅಂತಾರೆ. ಎಲ್ರೂ ಇಟ್ಕಂಡಿದ್ದಾರೆ. ಬೇಕಾದ್ರೆ ಶನಿಯಾರ ಮೊದ್ಲು ತೆಗಿಲಿ."

ಶನಿಯಾರ ಪಕ್ಕದ ಮನೆಯವನು. ಅವನ ಹೆಂಡತಿ ಮಾಸ್ತಮ್ಮನ ಹತ್ತಿರ ಹೋದೆ. ಅವಳ ಮನೆಯ ಅಕ್ಕಿಪೆಟ್ಟಿಗೆ ಜಗಲಿಯಲ್ಲಿ, ಅದರ ಮೇಲೆ ಕೋಳಿ ಕಾವು ಕೂತಿದೆ. ಒಳಕೋಣೆಯಲ್ಲಿ ಗೋಣಿಚೀಲ. "ನಾ ಹೇಳಿ ಹೇಳಿ ಸಾಕಾತು ಮಾರಾಯ್ತಿ," ಎಂದಳು. "ತಾಂಡೇಲ ತೆಗೆದ್ರೆ ತೆಗಿತೆ ಅಂತಾರೆ ಇವ್ರು."

ತಾಂಡೇಲ ಎಂದರೆ ರಂಪಣಿಯ ಯಜಮಾನ, ಮಾದೇವ. ಅವನ ಹೆಂಡತಿ ದುರ್ಗಮ್ಮನ ಅತ್ತೆ ಪಡಸಾಲೆಯ ಗಾಳಿಗೆ ಕೆಮ್ಮುತ್ತ ಮಲಗಿದ್ದಳು, ಒಳಕೋಣೆಯಲ್ಲಿ ಚೀಲಗಳು ಬೆಚ್ಚಗೆ ಮಲಗಿದ್ದವು. ದುರ್ಗಮ್ಮ ಹೇಳಿದ್ದು ಕೇಳಿ ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. "ನಮ್ಮೋರು ಎಂತ ಅಂತ್ರು ಗೊತ್ತಾ? ದೇವಪ್ಪ ಇನ್ನೂ ಇಟ್ಕಂಡಿರುವಾಗ ತಾಂಡೇಲನಾದ ನಾನೇ ತೆಗೆದ್ರೆ ಮರ್ಯಾದಿ ಎಲ್ಲಿ ಉಳಿತದೆ ಅಂತ್ರು."

ಹೀಗೆ ಒಬ್ಬರ ಬಾಲ ಒಬ್ಬರು ಹಿಡಿದುಕೊಂಡು ಕೂತಿದ್ದಾರೆ, ಮಧ್ಯದಲ್ಲಿ ನನ್ನ ಮಗಳ ಬಾಣಂತನ. ಮೂವರೂ ದುರ್ಗಮ್ಮನ ಹಿತ್ತಿಲಲ್ಲಿ ಕೂತು ಎಲೆ ಮಡಚಿದೆವು. ಎಲೆ ಮುಗಿಯುವುದರೊಳಗೆ ಉಪಾಯವೂ ಬಂತು. ನೂಲುಹುಣ್ಣಿಮೆ ಕಳೆದು ಬಿಸಿಲು ಬಿದ್ದಿತ್ತು. ಬೋಟಿಗೆ ರಜೆಯ ದಿನ ನೋಡಿ, ಎಲ್ಲರೂ ಬಲೆ ಬಿಸಿಲಿಗೆ ಹಾಕುತ್ತಿದ್ದಾರಂತೆ, ನೀವೂ ಹಾಕಿ, ಇಲ್ಲದಿದ್ದರೆ ಇಲಿ ತಿಂದು ಪಾಲು ಹೋಗುತ್ತದೆ ಎಂದು ಪ್ರತಿಯೊಬ್ಬಳೂ ಗಂಡನಿಗೆ ಹೇಳುವುದು. ಚೀಲ ದಂಡೆಗೆ ಹೋದ ಕೂಡಲೇ ಕೋಣೆಗೆ ಬೀಗ ಜಡಿದು ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು. ಆಮೇಲೆ ಬಲೆಯನ್ನು ಕಡಲಿಗೆ ಹಾಕಲಿ, ತಲೆಗೆ ಸುತ್ತಿಕೊಳ್ಳಲಿ. ಕೇರಿಯ ಮಿಕ್ಕ ಹೆಂಗಸರಿಗೂ ಹೇಳಿದೆವು. ಬೇಡ ಎಂದವಳು ಒಬ್ಬಳೂ ಇಲ್ಲ.

ಆ ದಿನ ಬಂತು. ನಮ್ಮೋರು ದೇವಪ್ಪ ಸೂರ್ಯ ಹುಟ್ಟುವ ಮೊದಲೇ ಸ್ನಾನ ಮಾಡಿ, ಮಡಿ ಪಂಚೆ ಸುತ್ತಿ, ಚೀಲಗಳನ್ನು ಒಂದೊಂದಾಗಿ ಹೊತ್ತುಕೊಂಡು ಹೊರಟರು. ಮುಖದಲ್ಲಿ ಮದುವೆಗೆ ಹೊರಟ ಕಳೆ. ಎಂತ ನಾಟಕ ಎಂದುಕೊಂಡು ನಾನು ಬೀಗ ಹುಡುಕಿದೆ. ಪಕ್ಕದ ಮನೆಯಲ್ಲಿ ಶನಿಯಾರನಿಗೆ ಹೊಟ್ಟೆನೋವು ಶುರುವಾಗಿತ್ತು. ತಾಂಡೇಲ ಮಾದೇವ ತಿಳಿ ಆಕಾಶ ನೋಡಿ ಈಗ ಮಳೆ ಬರುತ್ತದೆ ಎನ್ನುತ್ತಿದ್ದ. ಇನ್ನೊಬ್ಬನಿಗೆ ಅದೇ ದಿನ ಭಟ್ಕಳದ ನೆಂಟರ ನೆನಪಾಯಿತು. ಹೆಂಗಸರು ಬಿಡಬೇಕಲ್ಲ, ಬೆನ್ನ ಹಿಂದೆ ನಿಂತು ಚೀಲ ಹೊರಿಸಿಯೇ ಹೊರಿಸಿದರು.

ದಂಡೆಯ ಮೇಲೆ ಉದ್ದಕ್ಕೆ ಚೀಲಗಳ ಸಾಲು. ಗಂಡಸರು ಅವುಗಳ ಹಿಂದೆ ಕುಕ್ಕರುಗಾಲಲ್ಲಿ ಕೂತರು. ಒಬ್ಬನೂ ಚೀಲದ ಬಾಯಿ ಬಿಚ್ಚಲಿಲ್ಲ. "ನೀ ಬಿಚ್ಚು," "ತಾಂಡೇಲ ಬಿಚ್ಚಲಿ," "ಬಿಸಿಲು ಇನ್ನೂ ಏರಲಿ" ಎಂದು ಗುಸುಗುಸು ಮಾಡುತ್ತ ಕೂತರು. ಮಾಸ್ತಮ್ಮನಿಗೆ ತಡೆಯಲಿಲ್ಲ. ಮುಟ್ಟಬಾರದು ಎನ್ನುವುದನ್ನೂ ಮರೆತು ಗಂಡನ ಚೀಲದ ಹುರಿ ಹಿಡಿದು ಜಗ್ಗಿದಳು.

ದಬದಬ ಎಂದು ತೆಂಗಿನ ಸಿಪ್ಪೆ ಬಿತ್ತು.

ಕೈ ಹಾಕಿ ಕೆದಕಿದಳು. ಮತ್ತೂ ಸಿಪ್ಪೆ. ತಳದವರೆಗೂ ಸಿಪ್ಪೆ.

"ಇದರಾಗೆ ಯಾವ ಮೀನು ಹಿಡಿತ್ರಿ ನೀವು?" ಎಂದು ಮಾಸ್ತಮ್ಮ ಕೇಳಿದಳು. ಶನಿಯಾರ ಹೊಟ್ಟೆ ಹಿಡಿದುಕೊಂಡೇ ಒಪ್ಪಿಕೊಂಡ. ಬಲೆ ಕತಗಾಲದ ತೋಟದವರೊಬ್ಬರಿಗೆ ಹೋಗಿದೆಯಂತೆ, ಬಾಳೆಗೆ ಮಂಗ ಬಾರದ ಹಾಗೆ ಕಟ್ಟಿದ್ದಾರಂತೆ. "ಸುಮ್ನೆ ಬಿದ್ದು ಲಡ್ಡಾಗಿ ಹಾಳಾಗೂದು ಅಂತ ಕೊಟ್ಟೆ. ಬೇರೆಯೋರೆಲ್ಲ ಇಟ್ಕಂಡಿದ್ರಲ್ಲ, ಅದ್ಕೆ ಹೇಳೂಕೆ ನಾಚ್ಕೆ ಆತು."

ಅವನು ಹೇಳಿ ಮುಗಿಸುವುದರೊಳಗೆ ದುರ್ಗಮ್ಮ ತಾಂಡೇಲನ ಚೀಲ ಬಿಚ್ಚಿದ್ದಳು. ಸಿಪ್ಪೆ! ಆಮೇಲೆ ಯಾರು ಯಾರನ್ನು ಕೇಳುತ್ತಾರೆ, ದಂಡೆಯುದ್ದಕ್ಕೂ ಹೆಂಗಸರು ಹುರಿ ಹರಿದದ್ದೇ ಹರಿದದ್ದು. ಸಿಪ್ಪೆ, ಒಣಹುಲ್ಲು, ತರಗೆಲೆ. ಒಬ್ಬನ ಬಲೆ ಬದನೆಗಿಡದ ಬೇಲಿಯಾಗಿದೆ, ಒಬ್ಬನದು ಹುಲ್ಲು ಸಾಗಿಸುವ ಗಾಡಿಗೆ ಹೊದಿಕೆಯಾಗಿದೆ, ತಾಂಡೇಲನದನ್ನು ಪಡ್ಡೆ ಹುಡುಗರು ವಾಲಿಬಾಲ್ ಆಡಲು ಒಯ್ದಿದ್ದಾರೆ. ಅಯ್ಯೋ ದೇವರೇ, ವರ್ಷಗಟ್ಟಲೆ ನಾವು ತೆಂಗಿನ ಸಿಪ್ಪೆಗೆ ಮೈಲಿಗೆಯಾದೀತೆಂದು ದೂರ ದೂರ ನಡೆದಿದ್ದೆವು! ದುರ್ಗಮ್ಮ ನಕ್ಕು ನಕ್ಕು ಮರಳಲ್ಲೇ ಕೂತುಬಿಟ್ಟಳು. ಗಂಡಸರೂ ಮೊದಲು ತಲೆ ಕೆರೆದುಕೊಂಡು, ಆಮೇಲೆ ಒಬ್ಬರ ಬೆನ್ನು ಒಬ್ಬರು ಗುದ್ದಿಕೊಂಡು ನಗತೊಡಗಿದರು. ನಾನಂತೂ ಕುಣಿಯುವುದೊಂದು ಬಾಕಿ. ಬೀಗ ಬೇಡ, ಜಗಳ ಬೇಡ, ಕೋಣೆ ಖಾಲಿ!

ಸೊಂಟಕ್ಕೆ ಕೈಯಿಟ್ಟು ನಮ್ಮೋರ ಮುಂದೆ ಹೋಗಿ ನಿಂತೆ. "ಬಿಚ್ಚಿ, ಬಿಚ್ಚಿ. ನಿಮ್ಮದ್ರಾಗೆ ಎಂತ ಅದೆ ಕಾಂಬ."

ಅವರು ನಗುತ್ತಿರಲಿಲ್ಲ. ನಿಧಾನಕ್ಕೆ ಚೀಲದ ಹುರಿ ಬಿಚ್ಚಿದರು, ಇನ್ನೊಂದರದು ಬಿಚ್ಚಿದರು. ಬಲೆ ಹೊರಗೆ ಬಂತು. ಮಾವನ ಕಾಲದ ತುಂಡುಗಳು, ಇವರು ಮಾಡಿಸಿದ ತುಂಡುಗಳು, ಎಲ್ಲ ಸೇರಿಸಿ ಹೊಲಿದ ಉದ್ದದ ಬಲೆ. ಮರದ ತೊಗಟೆ ಬೇಯಿಸಿದ ನೀರಿನಲ್ಲಿ ಅದ್ದಿ ಒಣಗಿಸಿದ ಕೆಂಪು ಬಣ್ಣ ಇನ್ನೂ ಮಾಸಿರಲಿಲ್ಲ. ಒಂದು ಕಣ್ಣೂ ಹರಿದಿರಲಿಲ್ಲ. ನಾನು ಪೇಟೆಗೆ ಹೋದ ಹೊತ್ತಿನಲ್ಲಿ ಇವರು ಒಬ್ಬರೇ ಅದನ್ನು ತೆಗೆದು, ಅದ್ದಿ, ಒಣಗಿಸಿ, ಇಲಿ ಕಡಿದದ್ದನ್ನು ನೇಯ್ದು, ಮತ್ತೆ ಚೀಲಕ್ಕೆ ತುಂಬಿ ಇಡುತ್ತಿದ್ದರು. ಕೂಡಿ ಬಾಳಿದ ನನಗೇ ಗೊತ್ತಿರಲಿಲ್ಲ.

ಬಲೆಯ ಒಂದು ಅಂಚನ್ನು ಕೈಯಲ್ಲಿ ಹಿಡಿದು ಅವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಎರಡೂ ಕಡೆ ಸಿಪ್ಪೆಯ ರಾಶಿ.

"ನಾ ಇದನ್ನ ಯಾರದಕ್ಕೆ ಕಟ್ಟೂದು?" ಎಂದರು.

ದಂಡೆಯ ನಗು ನಿಂತುಹೋಯಿತು. ನನಗೆ ಅಳು ಬಂತು, ಅಳುವಿಗಿಂತ ಜೋರಾಗಿ ಸಿಟ್ಟು ಬಂತು. "ನಿಮ್ಮ ಮೋರೆಗಿಷ್ಟು!" ಎಂದು ಗಂಡಸರ ಸಾಲಿಗೆ ಸಾಲನ್ನೇ ತರಾಟೆಗೆ ತೆಗೆದುಕೊಂಡೆ. "ನಿಮ್ಮನ್ನ ನಂಬಿ ಇವ್ರು ಇಷ್ಟು ವರ್ಷ ಕಾದ್ರಲ್ಲ! ಒಬ್ನಾದ್ರೂ ಬಾಯಿ ಬಿಟ್ರಾ?" ಮತ್ತೆ ಇವರ ಕಡೆ ತಿರುಗಿ, "ಎತ್ತಿ, ಒಳಗೆ ತಕ್ಕಂಡು ಹೋಗಿ. ಇದೊಂದೇ ಉಳಿದಿದ್ದು. ಇದನ್ನ ಬಿಸಾಡೂಕೆ ನಾ ಬಿಡೂದಿಲ್ಲ," ಎಂದೆ.

"ಕಮಲಿ?" ಎಂದರು ಅವರು.

ಬಾವಿಕಟ್ಟೆಯ ಹತ್ತಿರ ಮಗಳು ಹಿಡಿದ ಕೈ ಇನ್ನೂ ಬಿಸಿಯಿತ್ತು. ಬಲೆ ಒಳಗೆ ಹೋದರೆ ಅವಳು ಬರುವ ಹಾಗಿಲ್ಲ, ಅವಳು ಬಂದರೆ ಬಲೆ ಇರುವ ಹಾಗಿಲ್ಲ.

ಆಗ ತಾಂಡೇಲ ಮಾದೇವ ಎದ್ದು ಬಂದ. ತಲೆಗೆ ಸುತ್ತಿದ ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ. "ದೇವಪ್ಪಣ್ಣ, ನಂಗೊಂದು ತುಂಡು ಕೊಡು. ನಾ ಇಟ್ಕಂತೆ. ಈ ಸಲ ಕಳಿಯೂದಿಲ್ಲ," ಎಂದ.

ಅವನ ಹಿಂದೆ ಶನಿಯಾರ ಬಂದ. ಅವನ ಹಿಂದೆ ಮತ್ತೊಬ್ಬ. ನೋಡುತ್ತಿದ್ದಂತೆ ಗಂಡಸರೆಲ್ಲ ಬಲೆಯ ಮುಂದೆ ಸಾಲು ನಿಂತರು.

ನಮ್ಮೋರು ಬಲೆಯನ್ನು ಉದ್ದಕ್ಕೆ ಹರಡಿದರು. ಆಮೇಲೆ ಕಾಲು ಚಾಚಿ ಮರಳಲ್ಲಿ ಕೂತು, ತುಂಡು ತುಂಡು ಸೇರಿಸಿದ್ದ ಹೊಲಿಗೆಯನ್ನು ಬಿಚ್ಚತೊಡಗಿದರು. ಆತುರಪಡಲಿಲ್ಲ. ರಂಪಣಿ ಎಳೆಯುವಾಗ ಯಾರ ಪಕ್ಕ ಯಾರ ಬಲೆ ಇತ್ತೋ ಅದೇ ಸಾಲಿನಲ್ಲಿ ಹೆಸರು ಹಿಡಿದು ಕರೆದು ಕೊಟ್ಟರು. ಇಸಿದುಕೊಂಡವರು ಕಣ್ಣಿಗೊತ್ತಿಕೊಂಡರು.

ಹೆಂಗಸರಿಗೆ ಈಗ ಗೊತ್ತಾಯಿತು ನೋಡಿ, ನಡೆಯುತ್ತಿರುವುದು ಏನೆಂದು. "ಅಯ್ಯಯ್ಯೋ! ಹೊರಗೆ ಹಾಕಿದ್ದು ಮತ್ತೆ ಒಳಗಾ!" ಎಂದು ಮಾಸ್ತಮ್ಮ ಎದೆ ಬಡಿದುಕೊಂಡಳು. "ಈರಮ್ಮಕ್ಕ, ನಿನ್ನ ಮನೆ ಖಾಲಿ ಮಾಡೂಕೆ ನಮ್ಮ ಮನೆಗೆ ತುಂಬೂದಾ? ಇದಾ ನಿನ್ನ ಉಪಾಯ?"

"ನಂಗೆಂತ ಗೊತ್ತು ಮಾರಾಯ್ತಿ!" ಎಂದೆ. ನಗು ತಡೆಯಲಾಗಲಿಲ್ಲ. ದುರ್ಗಮ್ಮ ಮಾತ್ರ, "ತುಂಡೊಂದು ಅಟ್ಟಕ್ಕೆ ಹೋತದೆ, ಬಿಡೆ. ನಮ್ಮತ್ತೆ ಇವತ್ತೇ ಒಳಗೆ ಮಲಗ್ಲಿ. ಈ ಸಿಪ್ಪೆಯೆಲ್ಲ ಈರಮ್ಮಕ್ಕನೇ ಒಯ್ಲಿ, ಬಾಣಂತಿಗೆ ನೀರು ಕಾಸೂಕೆ ಆತು," ಎಂದಳು. ಅಷ್ಟಕ್ಕೆ ಮಾಸ್ತಮ್ಮನೂ ಸಮಾಧಾನವಾಗಿ, ಬೈಯುತ್ತಲೇ ಸಿಪ್ಪೆ ತುಂಬಿಸಿಕೊಟ್ಟಳು.

ಕೊನೆಯ ತುಂಡು ಉಳಿಯಿತು. ಸಾಲಿನಲ್ಲಿ ಶನಿಯಾರನೊಬ್ಬನೇ. ನಮ್ಮೋರು ಅದನ್ನು ಎತ್ತಿ ಅವನ ಹೆಗಲ ಮೇಲೆ ಹಾಕಿದರು. ಶನಿಯಾರ ತೆಗೆದುಕೊಳ್ಳಲೋ ಬೇಡವೋ ಎಂದು ನಿಂತ.

"ನಿನಗೆ ಒಂದೂ ಉಳಿಲಿಲ್ಲವಲ್ಲ ದೇವಪ್ಪಣ್ಣ. ಇದು ನೀನೇ ಇಟ್ಕ."

"ನಮ್ಮನೇಲಿ ಜಾಗ ಎಲ್ಲಿ ಅದೆ ಮಾರಾಯ?" ಎಂದರು ನಮ್ಮೋರು, ಖಾಲಿ ಚೀಲಗಳ ಮರಳು ಕೊಡವುತ್ತ. "ಮಗಳು ಬತ್ತಾಳೆ."